ಆ ಕಾಗದಕ್ಕೆ ಸಹಿ ಹಾಕುವ ಮುನ್ನ

ದಾವಣಗೆರೆಯ ಒಂದು ನೂಲಿನ ಗಿರಣಿಯಲ್ಲಿ ಇಪ್ಪತ್ತಾರು ವರ್ಷ ಟೈಮ್ ಆಫೀಸಿನ ಗುಮಾಸ್ತನಾಗಿದ್ದೆ. ಹಾಜರಿ ಪುಸ್ತಕ, ಪಾಳಿ ಬದಲಾವಣೆ, ರಜೆ ಚೀಟಿ, ಸಂಬಳದ ಪಟ್ಟಿ, ಇಷ್ಟೇ ನನ್ನ ಲೋಕ. 2019ರಲ್ಲಿ ಗಿರಣಿ ನಿಲ್ಲುವ ಹೊತ್ತಿಗೆ ನಾನು ಮಾಡಿದ ಕೊನೆಯ ದೊಡ್ಡ ಕೆಲಸವೆಂದರೆ 118 ರಾಜೀನಾಮೆ ಪತ್ರಗಳನ್ನು ಟೈಪ್ ಮಾಡಿದ್ದು. ಒಕ್ಕಣೆ ಎಲ್ಲದರಲ್ಲೂ ಒಂದೇ: "ನನ್ನ ಸ್ವಂತ ಕಾರಣಗಳಿಂದಾಗಿ ಸ್ವಇಚ್ಛೆಯಿಂದ ರಾಜೀನಾಮೆ ನೀಡುತ್ತಿದ್ದೇನೆ." ಹೆಸರು, ಟೋಕನ್ ನಂಬರು, ವಿಭಾಗ ಮಾತ್ರ ಬೇರೆ ಬೇರೆ. 118ನೆಯದು ನನ್ನದೇ. ಅದರಲ್ಲೂ ಒಂದು ಅಕ್ಷರ ತಪ್ಪಿರಲಿಲ್ಲ.

ಹಾಗಾಗಿ ಇಲ್ಲಿ ಬರೆಯುತ್ತಿರುವುದು ಮೇಜಿನ ಆಚೆ ಬದಿಯಲ್ಲಿ ಕೂತಿದ್ದವನ ಮಾತು. ಆ ಕಾಗದದ ಬೆಲೆ ಎಷ್ಟೆಂದು ನನಗೆ ಗೊತ್ತಾದದ್ದು ಟೈಪ್ ಮಾಡಿ ಎಂಟು ತಿಂಗಳಾದ ಮೇಲೆ.

ಮಾಲೀಕರು ಹೇಳಿದ ಕಾರಣ, ಹೊರದೇಶದ ನೂಲು ನಮ್ಮ ನೂಲಿಗಿಂತ ಅಗ್ಗ ಎಂಬುದು. ಅದು ಪೂರ್ತಿ ಸುಳ್ಳೂ ಅಲ್ಲ. 2001ರ ಏಪ್ರಿಲ್ 1ಕ್ಕೆ ಆಮದಿನ ಮೇಲಿನ ಪ್ರಮಾಣ ಮಿತಿಗಳು ಹೋದವು. 2010ರ ಜನವರಿ 1ರಿಂದ ಆಗ್ನೇಯ ಏಷ್ಯಾದ ಆಸಿಯಾನ್ ದೇಶಗಳೊಂದಿಗಿನ ಮುಕ್ತ ವ್ಯಾಪಾರ ಒಪ್ಪಂದ ಜಾರಿಗೆ ಬಂತು. ಗೋದಾಮಿನಲ್ಲಿ ನೂಲು ಸುತ್ತಿದ ಕೋನ್‌ಗಳ ಪೆಟ್ಟಿಗೆ ಮಾಳಿಗೆ ಮುಟ್ಟುವಷ್ಟು ಪೇರಿಸಿದ್ದನ್ನು ನಾನೇ ನೋಡಿದ್ದೇನೆ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯನ್ನು ಎಣ್ಣೆ ನಗರ ಎನ್ನುತ್ತಿದ್ದೆವು. ಅಲ್ಲಿನ ಶೇಂಗಾ ಎಣ್ಣೆ ಗಿರಣಿಗಳವರೂ ಇದೇ ರಾಗ ಹಾಡುತ್ತಾರೆ, ತಾಳೆ ಎಣ್ಣೆಯ ಹೆಸರು ಹೇಳಿಕೊಂಡು. 2025ರ ಮೇ 30ರಂದು ಕಚ್ಚಾ ಖಾದ್ಯ ತೈಲದ ಮೂಲ ಸುಂಕವನ್ನು ಕೇಂದ್ರ ಶೇ 20ರಿಂದ ಶೇ 10ಕ್ಕೆ ಇಳಿಸಿದಾಗ ಅಡುಗೆಮನೆಗೆ ಒಳ್ಳೆಯದೇ ಆಯಿತು, ಗಾಣದವನಿಗೆ ಅಲ್ಲ.

ಆದರೆ ಮೊದಲು ತಿಳಿಯಬೇಕಾದ ಸಂಗತಿ ಬೇರೆಯೇ ಇದೆ. ನಮ್ಮ ದೇಶದಲ್ಲಿ "ಆಮದಿನಿಂದ ಕೆಲಸ ಕಳೆದುಕೊಂಡವರಿಗೆ" ಎಂಬ ಹೆಸರಿನ ಯೋಜನೆ ಇಲ್ಲ. ಅಮೆರಿಕದಲ್ಲಿ 1962ರಿಂದ ಅಂಥದ್ದೊಂದು ಇತ್ತು. ಮೂವರು ಕಾರ್ಮಿಕರು ಸೇರಿ ಅರ್ಜಿ ಹಾಕಿದರೆ ಅಲ್ಲಿನ ಕಾರ್ಮಿಕ ಇಲಾಖೆ ಆಮದೇ ಕಾರಣವೇ ಎಂದು ತನಿಖೆ ಮಾಡಿ ಪ್ರಮಾಣಪತ್ರ ಕೊಡುತ್ತಿತ್ತು, ಆ ಮೇಲೆ ತರಬೇತಿ, ಭತ್ಯೆ. ಅದೂ 2022ರ ಜುಲೈ 1ರಿಂದ ಹೊಸ ಅರ್ಜಿಗಳನ್ನು ಪರಿಶೀಲಿಸುವುದನ್ನು ನಿಲ್ಲಿಸಿದೆ. ನಮ್ಮಲ್ಲಿ ತೀರಾ ಅಗ್ಗದ ಬೆಲೆಗೆ ತಂದು ಸುರಿಯುವ ಆಮದಿನ ವಿರುದ್ಧ ದೂರು ಕೊಡಲು ದೆಹಲಿಯಲ್ಲಿ ವ್ಯಾಪಾರ ಪರಿಹಾರ ಮಹಾನಿರ್ದೇಶನಾಲಯವಿದೆ. ಆದರೆ ಅದು ಉತ್ಪಾದಕರ ಬಾಗಿಲು. ಹೆಚ್ಚುವರಿ ಸುಂಕ ಬಿದ್ದರೂ ಅದರ ಹಣ ಸರ್ಕಾರದ ಬೊಕ್ಕಸಕ್ಕೆ ಹೋಗುತ್ತದೆ, ಟೋಕನ್ ನಂಬರಿನವನಿಗೆ ಒಂದು ಪೈಸೆ ಬರುವುದಿಲ್ಲ. ಆದ್ದರಿಂದ ಚೀನಾ, ಇಂಡೊನೇಷ್ಯಾ ಎಂದು ಅರ್ಜಿಯಲ್ಲಿ ಎರಡು ಪುಟ ಬರೆದು ಕಾಗದ ಹಾಳು ಮಾಡಬೇಡಿ. ಗಿರಣಿ ಯಾಕೆ ಮುಚ್ಚಿತು ಎಂದು ಕೌಂಟರಿನಲ್ಲಿ ಯಾರೂ ಕೇಳುವುದಿಲ್ಲ. ನೀವು ಹೊರಗೆ ಬಂದದ್ದು ಹೇಗೆ ಎಂದು ಕೇಳುತ್ತಾರೆ. ತೆಗೆದರೋ, ಮುಚ್ಚಿದರೋ, ನೀವೇ ಬಿಟ್ಟಿರೋ? ಮುಂದಿನದೆಲ್ಲ ನಿಂತಿರುವುದು ಈ ಒಂದು ಉತ್ತರದ ಮೇಲೆ.

ನಮ್ಮ ಮಾಲೀಕರು ರಾಜೀನಾಮೆಯನ್ನೇ ಯಾಕೆ ಕೇಳಿದರು ಎಂಬುದನ್ನು ಬಿಡಿಸಿ ಹೇಳುತ್ತೇನೆ. ಆಗಿನ 1947ರ ಕೈಗಾರಿಕಾ ವಿವಾದ ಕಾಯ್ದೆಯ ಪ್ರಕಾರ 100 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯನ್ನು ಮುಚ್ಚಲು ಸರ್ಕಾರದ ಪೂರ್ವಾನುಮತಿ ಬೇಕಿತ್ತು. ನಮ್ಮ ಪಟ್ಟಿಯಲ್ಲಿದ್ದವರು 118. ಅನುಮತಿಗೆ ಅರ್ಜಿ ಹಾಕಿದರೆ ವಿಚಾರಣೆ, ವಿವರಣೆ, ವಿಳಂಬ. ಅದರ ಬದಲು ಎಲ್ಲರೂ ತಾವಾಗಿಯೇ ಬಿಟ್ಟು ಹೋದರೆ ಮುಚ್ಚುವ ಪ್ರಶ್ನೆಯೇ ಬರುವುದಿಲ್ಲ, ಪರಿಹಾರದ ಪ್ರಶ್ನೆಯೂ ಬರುವುದಿಲ್ಲ. ಸಹಿ ಹಾಕಿದವರಿಗೆ ಮೂರು ತಿಂಗಳ ಸಂಬಳ "ಖುಷಿಗೆ" ಎಂದರು. ಹಬ್ಬದ ಮುಂದಿನ ವಾರವೇ ಚೆಕ್ ಎಂದರು. ಶುಕ್ರವಾರ ಎರಡನೇ ಪಾಳಿ ಮುಗಿಯುವ ಹೊತ್ತಿಗೆ ಟೈಮ್ ಆಫೀಸಿನ ಮುಂದೆ ಸಾಲು ನಿಂತಿತ್ತು. ತಲೆಯ ಮೇಲೆ ಹತ್ತಿಯ ಧೂಳು ಹಾಗೇ ಇತ್ತು. ಪೆನ್ನು ಒಂದೇ, ಅದಕ್ಕೂ ದಾರ ಕಟ್ಟಿದ್ದೆ.

ವೈಂಡಿಂಗ್ ವಿಭಾಗದ ಒಬ್ಬ ಅಕ್ಕ ಮಾತ್ರ ಕಾಗದವನ್ನು ಎರಡು ಸಲ ಓದಿದರು. "ಸರ್, ಬಿಡುತ್ತೇನೆಂದು ನಾನು ಯಾವತ್ತು ಹೇಳಿದೆ?" ಎಂದು ಕೇಳಿದರು. ಎಲ್ಲರೂ ಹಾಕುತ್ತಿದ್ದಾರಲ್ಲಮ್ಮ ಎಂದೆ. "ನಾನು ಹೇಳದ ಮಾತಿಗೆ ನಾನು ಸಹಿ ಹಾಕುವುದಿಲ್ಲ" ಎಂದು ಕಾಗದವನ್ನು ಮೇಜಿನ ಮೇಲಿಟ್ಟು ಪೆನ್ನನ್ನು ಅದರ ಮೇಲೆ ಅಡ್ಡವಾಗಿಟ್ಟು ಹೊರಟರು. ಅವರನ್ನು ನೋಡಿ ಇನ್ನೂ ಹನ್ನೊಂದು ಜನ ಸಾಲು ಬಿಟ್ಟರು. ನಾನು ಬಿಡಲಿಲ್ಲ.

ಆ ಹನ್ನೆರಡು ಜನ ಕಾರ್ಮಿಕ ಅಧಿಕಾರಿಯ ಕಚೇರಿಗೆ ದೂರು ಕೊಟ್ಟರು. ರಾಜಿ ಸಂಧಾನ ಏಳು ತಿಂಗಳು ಎಳೆಯಿತು. ಕೊನೆಗೆ ಆಡಳಿತದವರು ಹನ್ನೆರಡು ಜನಕ್ಕೂ ರಿಟ್ರೆಂಚ್‌ಮೆಂಟ್ ಪತ್ರ, ಅಂದರೆ ಹೆಚ್ಚುವರಿ ಎಂದು ಕೆಲಸದಿಂದ ತೆಗೆದ ಪತ್ರವನ್ನು, ಪರಿಹಾರದ ಸಮೇತ ಕೊಟ್ಟರು. ಆ ಅಕ್ಕನ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 13,000, ಸೇವೆ 18 ವರ್ಷ. ಲೆಕ್ಕ ನೋಡಿ. ಪರಿಹಾರವೆಂದರೆ ಪೂರೈಸಿದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ಸಂಬಳ. ತಿಂಗಳಿಗೆ 30 ದಿನವೆಂದು ಹಿಡಿದರೂ 6,500ರಂತೆ 18 ವರ್ಷಕ್ಕೆ 1,17,000. ಮೇಲೆ ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆಯ ನಿರುದ್ಯೋಗ ಭತ್ಯೆ, ಸರಾಸರಿ ದಿನದ ಸಂಬಳ 500 ಎಂದಿಟ್ಟುಕೊಂಡರೆ ಮೊದಲ ವರ್ಷ ದಿನಕ್ಕೆ 250, ಎರಡನೇ ವರ್ಷ ದಿನಕ್ಕೆ 125. ಎರಡೂ ವರ್ಷ ಸೇರಿ 1,36,875. ಒಟ್ಟು 2,53,875 ರೂಪಾಯಿ. ಅಷ್ಟೇ ಸಂಬಳ, ಅಷ್ಟೇ ಸೇವೆಯ ಇನ್ನೊಬ್ಬ ಹೆಂಗಸು ಅದೇ ಸಾಲಿನಲ್ಲಿ ನಿಂತು ಸಹಿ ಹಾಕಿ ತೆಗೆದುಕೊಂಡದ್ದು 39,000. ಸೇವೆಯ ವರ್ಷಗಳಿಗೆ ಕೊಡುವ ಗ್ರಾಚ್ಯುಟಿಯನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ, ಅದು ರಾಜೀನಾಮೆ ಕೊಟ್ಟರೂ ಬರುತ್ತದೆ.

ಹೀಗಾಗಿ ಮೊದಲ ಕೆಲಸ, ಗಿರಣಿಯ ಒಳಗಿರುವಾಗಲೇ ಮಾಡಬೇಕಾದದ್ದು. "ಸ್ವಇಚ್ಛೆ", "ಸ್ವಂತ ಕಾರಣ", "ಸ್ವಯಂ ನಿವೃತ್ತಿ", "ಯಾವುದೇ ಬಾಕಿ ಇಲ್ಲ" ಎಂಬ ಪದಗಳಿರುವ ಯಾವ ಕಾಗದಕ್ಕೂ ಅಂದೇ ಸಹಿ ಹಾಕಬೇಡಿ, ಮನೆಗೆ ಒಯ್ದು ಓದುತ್ತೇನೆ ಎನ್ನಿ. ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಕೊಡಿ ಎನ್ನಿ. ಹಣ ತೆಗೆದುಕೊಳ್ಳದೆ ವಿಧಿಯಿಲ್ಲ ಎಂಬ ಸ್ಥಿತಿ ಇದ್ದರೆ ಸಹಿಯ ಮೇಲ್ಗಡೆ ನಿಮ್ಮದೇ ಕೈಬರಹದಲ್ಲಿ "ಆಕ್ಷೇಪಣೆಯೊಂದಿಗೆ ಸ್ವೀಕರಿಸಿದ್ದೇನೆ, ನನ್ನ ಹಕ್ಕುಗಳನ್ನು ಬಿಟ್ಟುಕೊಟ್ಟಿಲ್ಲ" ಎಂದು ದಿನಾಂಕದ ಸಮೇತ ಬರೆಯಿರಿ. ಈಗಾಗಲೇ ಒತ್ತಡದಲ್ಲಿ ಸಹಿ ಹಾಕಿದ್ದರೆ, ಎರಡು ಮೂರು ದಿನದೊಳಗೆ ಅದನ್ನೇ ಒಂದು ಪುಟದಲ್ಲಿ ಬರೆದು ಆಡಳಿತಕ್ಕೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಪ್ರತಿಯನ್ನು ಕಾರ್ಮಿಕ ಅಧಿಕಾರಿಗೆ ಕೊಡಿ. ಆರು ತಿಂಗಳಾದ ಮೇಲೆ "ಬಲವಂತ ಮಾಡಿದರು" ಎಂದರೆ ನಂಬುವವರು ಕಡಿಮೆ. ನಾನು ಹೇಳಿದ್ದು ಎಂಟು ತಿಂಗಳಾದ ಮೇಲೆ.

ಎರಡನೆಯದು ಕಾಗದ ಕೂಡಿಸುವುದು. ಗೇಟು ಬೀಗ ಬಿದ್ದ ಮೇಲೆ ಸಂಬಳದ ಚೀಟಿ ಕೊಡುವವರು ಯಾರೂ ಇರುವುದಿಲ್ಲ, ಕೊಡುತ್ತಿದ್ದ ನನ್ನಂಥವನೂ ಮನೆಯಲ್ಲಿರುತ್ತಾನೆ. ನೇಮಕಾತಿ ಪತ್ರ, ಕೊನೆಯ ಆರು ತಿಂಗಳ ಸಂಬಳದ ಚೀಟಿ, ಹತ್ತು ಅಂಕಿಯ ಇಎಸ್‌ಐ ನಂಬರು, ಹನ್ನೆರಡು ಅಂಕಿಯ ಯುಎಎನ್ ಎಂಬ ಪಿಎಫ್ ನಂಬರು, ಸೇವಾ ಪ್ರಮಾಣಪತ್ರ ಇವಿಷ್ಟು ಬೇಕೇ ಬೇಕು. ನೇಮಕಾತಿ ಪತ್ರವೇ ಕೊಟ್ಟಿಲ್ಲವೆಂದರೆ ಗುರುತಿನ ಚೀಟಿ, ಬ್ಯಾಂಕಿಗೆ ಸಂಬಳ ಜಮೆಯಾದ ಪಾಸ್‌ಬುಕ್ಕಿನ ಪುಟಗಳೂ ಸಾಕ್ಷಿಯೇ. ಸೂಚನಾ ಫಲಕಕ್ಕೆ ಏನೇ ಅಂಟಿಸಿದರೂ ಮೊಬೈಲಿನಲ್ಲಿ ಫೋಟೊ ತೆಗೆಯಿರಿ, ಗೇಟಿಗೆ ಬೀಗ ಬಿದ್ದ ದಿನದ್ದೂ ಸೇರಿ. ಗುತ್ತಿಗೆದಾರನ ಕೆಳಗೆ ದುಡಿದವರು ಗುತ್ತಿಗೆದಾರನ ಹೆಸರಿನ ಜೊತೆಗೆ ಗಿರಣಿಯ ಹೆಸರೂ ಇರುವ ಒಂದಾದರೂ ಕಾಗದ ಹುಡುಕಿಟ್ಟುಕೊಳ್ಳಬೇಕು. ಗುತ್ತಿಗೆದಾರ ಕೈಯೆತ್ತಿದರೆ ಸಂಬಳದ ಬಾಕಿಗೆ ಮೂಲ ಮಾಲೀಕನೇ ಹೊಣೆ.

ಇನ್ನು ಕಾರ್ಮಿಕ ಇಲಾಖೆ. 2025ರ ನವೆಂಬರ್ 21ರಿಂದ ಹಳೆಯ ಕಾಯ್ದೆಗಳ ಜಾಗದಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಮುಚ್ಚಲು ಪೂರ್ವಾನುಮತಿ ಬೇಕಾಗುವ ಮಿತಿ 100ರಿಂದ 300ಕ್ಕೆ ಏರಿದೆ. ನಮ್ಮ ಕಡೆಯ ಬಹುತೇಕ ಗಿರಣಿಗಳು ಇದರಿಂದ ಅನುಮತಿಯ ಬಲೆಯ ಹೊರಗೆ ಹೋದವು ಎನ್ನಬೇಕು, ನನಗೆ ಇದು ಸರಿಬಂದಿಲ್ಲ. ಆದರೆ 15 ದಿನದ ಲೆಕ್ಕ ಹೋಗಿಲ್ಲ. 50 ಅಥವಾ ಹೆಚ್ಚು ಕಾರ್ಮಿಕರಿದ್ದರೆ ಮುಚ್ಚುವ 60 ದಿನ ಮೊದಲು ಸರ್ಕಾರಕ್ಕೆ ನೋಟಿಸು ಕೊಡಬೇಕೆಂಬುದೂ ಹೋಗಿಲ್ಲ. ಒಂದು ವರ್ಷದಲ್ಲಿ 240 ದಿನ ದುಡಿದಿದ್ದರೆ ಅದು ನಿರಂತರ ಸೇವೆ. ಸಂಬಳದ ಬಾಕಿ, ಅಂತಿಮ ಲೆಕ್ಕವನ್ನು ಕೆಲಸ ಹೋದ ಎರಡು ಕೆಲಸದ ದಿನಗಳೊಳಗೆ ಕೊಡಬೇಕೆಂದು ವೇತನ ಸಂಹಿತೆ ಹೇಳುತ್ತದೆ. ಹೆಚ್ಚುವರಿ ಎಂದು ತೆಗೆದವರಿಗೆ ಹೊಸ ಕಸುಬು ಕಲಿಯಲೆಂದು ಇನ್ನೂ 15 ದಿನದ ಸಂಬಳವನ್ನು ಮಾಲೀಕ ನಿಧಿಗೆ ಕಟ್ಟಬೇಕು, ಅದು 45 ದಿನದೊಳಗೆ ಕಾರ್ಮಿಕನ ಖಾತೆಗೆ ಬರಬೇಕು. ಇದನ್ನು ಕೇಳಿ ಪಡೆಯಿರಿ, ಹೊಸದಾದ್ದರಿಂದ ಮರೆಯುವವರೇ ಹೆಚ್ಚು.

ಆಮದಿನ ಕಥೆ ನಿಮಗೆ ಎದುರಾಗುವುದು ಇಲ್ಲಿ, ಅದೂ ನಿಮ್ಮ ವಿರುದ್ಧವಾಗಿ. ಕೈಮೀರಿದ ಅನಿವಾರ್ಯ ಸನ್ನಿವೇಶದಿಂದ ಮುಚ್ಚಿದರೆ ಪರಿಹಾರ ಮೂರು ತಿಂಗಳ ಸರಾಸರಿ ಸಂಬಳ ಮೀರಬೇಕಿಲ್ಲ ಎಂದು ಕಾನೂನಿನಲ್ಲಿ ಒಂದು ಕಿಂಡಿ ಇದೆ. ಮಾಲೀಕರ ವಕೀಲರು ಸಂಧಾನದ ಮೇಜಿಗೆ ಬಂದು ಹೇಳುವುದು ಇದನ್ನೇ: ಹೊರಗಿನ ಮಾಲು ಬಂತು, ನಮ್ಮದು ಮಾರಾಟವಾಗಲಿಲ್ಲ, ನಷ್ಟವಾಯಿತು, ನಮ್ಮ ಕೈಯಲ್ಲಿ ಏನಿತ್ತು? ನಮ್ಮ "ಖುಷಿಯ" ಮೂರು ತಿಂಗಳು ಎಲ್ಲಿಂದ ಬಂತೆಂದು ಈಗ ನಿಮಗೆ ತಿಳಿದಿರಬೇಕು. ಆದರೆ ಅದೇ ಕಲಮಿನ ಕೆಳಗೆ ವಿವರಣೆಯೊಂದಿದೆ. ಬರೀ ಹಣಕಾಸಿನ ತೊಂದರೆ, ನಷ್ಟ, ಮಾರಾಟವಾಗದ ದಾಸ್ತಾನು ಇವನ್ನು ಕೈಮೀರಿದ ಸನ್ನಿವೇಶ ಎಂದು ಎಣಿಸುವಂತಿಲ್ಲ. 1947ರ ಕಾಯ್ದೆಯಲ್ಲೂ ಇತ್ತು, ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಇದೆ. ಸಂಧಾನಕ್ಕೆ ಹೋಗುವಾಗ ಆ ಪುಟದ ಜೆರಾಕ್ಸ್ ಜೇಬಿನಲ್ಲಿರಲಿ. ಮಾಳಿಗೆ ಮುಟ್ಟುವ ಕೋನ್ ಪೆಟ್ಟಿಗೆಗಳ ಬಗ್ಗೆ ಅವರು ಶುರು ಮಾಡಿದಾಗ ಹೊರಗೆ ತೆಗೆಯಿರಿ. ಆ ಅಕ್ಕ ಮಾಡಿದ್ದು ಹಾಗೆಯೇ. ವಕೀಲರು ಕನ್ನಡಕ ಹಾಕಿಕೊಂಡು ಓದಿ, ಚಹಾ ತರಿಸಿದರಂತೆ.

ದೂರನ್ನು ತಡಮಾಡದೆ ಕೊಡಿ. ಎರಡು ವರ್ಷ ದಾಟಿದರೆ ಹೊಸ ಸಂಹಿತೆಯಡಿ ಸಂಧಾನವೇ ನಡೆಯುವುದಿಲ್ಲ. ದೂರಿನ ಎರಡನೇ ಪ್ರತಿಯ ಮೇಲೆ ಮೊಹರು, ದಿನಾಂಕ ಹಾಕಿಸಿಕೊಳ್ಳದೆ ಕಚೇರಿಯ ಮೆಟ್ಟಿಲು ಇಳಿಯಬೇಡಿ. ಇಪ್ಪತ್ತಾರು ವರ್ಷ ಕಚೇರಿಯಲ್ಲಿ ಕೂತವನ ಮಾತಿದು: ಮೊಹರಿಲ್ಲದ ಅರ್ಜಿ ಬಂದೇ ಇಲ್ಲ. ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಗಿದ್ದರೆ ದಾರಿ ಬೇರೆ. ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ, ದಿವಾಳಿ ಪ್ರಕ್ರಿಯೆ ನಡೆಸಲು ನೇಮಿಸಿದ ವೃತ್ತಿಪರರ ಹೆಸರು ಅದರಲ್ಲಿರುತ್ತದೆ, ಅವರಿಗೆ ಹೇಳಿದ ದಿನಾಂಕದೊಳಗೆ ನಿಮ್ಮ ಬಾಕಿಯ ಹಕ್ಕುಪತ್ರ ಸಲ್ಲಿಸಬೇಕು. ಎಲ್ಲರ ಪರವಾಗಿ ಒಬ್ಬ ಪ್ರತಿನಿಧಿ ಸಲ್ಲಿಸಿದರೂ ನಡೆಯುತ್ತದೆ. ಆಸ್ತಿ ಮಾರುವ ಹಂತ ಬಂದರೆ ಹಿಂದಿನ 24 ತಿಂಗಳ ಕಾರ್ಮಿಕರ ಬಾಕಿ ಅಡಮಾನ ಹಿಡಿದ ಬ್ಯಾಂಕಿನ ಸಾಲದೊಂದಿಗೆ ಒಂದೇ ಪಂಕ್ತಿಯಲ್ಲಿ ಕೂರುತ್ತದೆ.

ಈಗ ಇಎಸ್‌ಐ. ಜನ ಮೊದಲು ಓಡುವುದು ನಿಟ್ಟುವಳ್ಳಿಯ ಇಎಸ್‌ಐ ಆಸ್ಪತ್ರೆಗೆ. ಆಸ್ಪತ್ರೆ ಔಷಧಕ್ಕೆ. ಹಣದ ಅರ್ಜಿ ಕೊಡಬೇಕಾದದ್ದು ಇಎಸ್‌ಐ ನಿಗಮದ ಶಾಖಾ ಕಚೇರಿಗೆ. ಅಲ್ಲಿ ಎರಡು ಯೋಜನೆಗಳಿವೆ, ಎರಡನ್ನೂ ಒಂದೇ ಎಂದು ಕಲಸಬೇಡಿ.

ದೊಡ್ಡದು ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ್ ಯೋಜನೆ, 2005ರ ಏಪ್ರಿಲ್ 1ರಿಂದ ಇರುವುದು. ಕಾರ್ಖಾನೆ ಮುಚ್ಚಿ, ಇಲ್ಲವೇ ಹೆಚ್ಚುವರಿ ಎಂದು ತೆಗೆದು ಕೆಲಸ ಹೋದವರಿಗೆ. ಎರಡು ವರ್ಷ ವಂತಿಗೆ ಕಟ್ಟಿರಬೇಕು. ಮೊದಲ ಹನ್ನೆರಡು ತಿಂಗಳು ಸರಾಸರಿ ದಿನದ ಸಂಬಳದ ಅರ್ಧ, ಮುಂದಿನ ಹನ್ನೆರಡು ತಿಂಗಳು ಕಾಲು ಭಾಗ. ಭತ್ಯೆ ಬರುವಷ್ಟು ಕಾಲ ನಿಮಗೂ ಮನೆಯವರಿಗೂ ಆಸ್ಪತ್ರೆಯ ಸೌಲಭ್ಯ ಮುಂದುವರಿಯುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆ ನುಂಗುವ ಮನೆಗೆ ಭತ್ಯೆಗಿಂತ ಇದೇ ದೊಡ್ಡದು. ಕೌಂಟರಿನಲ್ಲಿ ಕೇಳುವ ಮೊದಲ ಕಾಗದವೆಂದರೆ ಮುಚ್ಚಿದ ಅಥವಾ ತೆಗೆದ ಪತ್ರ. ಆ ಅಕ್ಕನ ಅರ್ಜಿ ತುಂಬಿಕೊಟ್ಟದ್ದು ನಾನೇ. ನನ್ನ ಹತ್ತಿರ ಬಂದು "ಸರ್, ನಿಮ್ಮ ಅಕ್ಷರ ಚೆನ್ನಾಗಿದೆ, ತುಂಬಿಕೊಡಿ" ಎಂದರು. ಪಕ್ಕದಲ್ಲಿ ನನ್ನದನ್ನೂ ಇಟ್ಟುಕೊಂಡು ಹೋಗಿದ್ದೆ. ಕೌಂಟರಿನ ಗುಮಾಸ್ತರು ನನ್ನ ರಾಜೀನಾಮೆಯ ಪ್ರತಿಯನ್ನು ನೋಡಿ, ಏನೂ ಹೇಳದೆ, ನನ್ನ ಕಡೆಗೆ ತಿರುಗಿಸಿ ಸರಿಸಿದರು. ನಾನು ಟೈಪ್ ಮಾಡಿದ "ಸ್ವಇಚ್ಛೆಯಿಂದ" ಎಂಬ ಪದದ ಮೇಲೆ ಬೆರಳಿತ್ತು.

ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದ ಕಾಲದ ಹಳಬರು ಇನ್ನೂ "ಜವಳಿ ಕಾರ್ಮಿಕರ ಪುನರ್ವಸತಿ ನಿಧಿ" ಕೇಳಿಕೊಂಡು ಬರುತ್ತಾರೆ. 1986ರಲ್ಲಿ ಬಂದ ಆ ಯೋಜನೆಯಲ್ಲಿ ಸಂಬಳದ ಶೇ 75, 50, 25ರಂತೆ ಮೂರು ವರ್ಷ ಕೊಡುತ್ತಿದ್ದರು. 2017ರ ಏಪ್ರಿಲ್ 1ರಿಂದ ಅದನ್ನು ಈ ರಾಜೀವ್ ಗಾಂಧಿ ಯೋಜನೆಯಲ್ಲಿ ವಿಲೀನ ಮಾಡಿದ್ದಾರೆ. ಪ್ರತ್ಯೇಕವಾಗಿ ಹುಡುಕಬೇಡಿ.

ಚಿಕ್ಕದು ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ. ಜೀವಮಾನದಲ್ಲಿ ಒಂದೇ ಸಲ, ಹೆಚ್ಚೆಂದರೆ 90 ದಿನ. 2018ರ ಜುಲೈ 1ಕ್ಕೆ ಶುರುವಾದಾಗ ದಿನದ ಸರಾಸರಿಯ ಶೇ 25 ಇತ್ತು, ಕೊರೊನಾ ಕಾಲದಲ್ಲಿ ಶೇ 50 ಮಾಡಿದರು. ಮೊದಲು 90 ದಿನ ಕಾಯಬೇಕಿತ್ತು, ಆಮೇಲೆ 30 ದಿನಕ್ಕೆ ಇಳಿಸಿದರು. ಎರಡು ವರ್ಷ ವಿಮೆಯಲ್ಲಿರಬೇಕು. ಕೆಲಸ ಹೋಗುವುದಕ್ಕೆ ಹಿಂದಿನ ವಂತಿಗೆ ಅವಧಿಯಲ್ಲಿ 78 ದಿನ, ಅದಕ್ಕೂ ಹಿಂದಿನ ಮೂರು ಅವಧಿಗಳ ಪೈಕಿ ಒಂದರಲ್ಲಿ 78 ದಿನ ವಂತಿಗೆ ಕಟ್ಟಿರಬೇಕು. ಅವಧಿ ಎಂದರೆ ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಅರ್ಜಿಯನ್ನು ಮಾಲೀಕನ ಮುಖಾಂತರ ಕೊಡಬೇಕಿಲ್ಲ, ನೀವೇ ಆನ್‌ಲೈನಿನಲ್ಲಿ ಆಧಾರ್, ಬ್ಯಾಂಕ್ ವಿವರ ಸೇರಿಸಿ ಸಲ್ಲಿಸಬಹುದು. ಸ್ವಯಂ ನಿವೃತ್ತಿ ಪಡೆದವರಿಗೆ, ದುರ್ನಡತೆಗೆ ತೆಗೆದವರಿಗೆ ಇದೂ ಇಲ್ಲ. ಇದನ್ನು ಕಂತು ಕಂತಾಗಿ ವಿಸ್ತರಿಸುತ್ತಾ ಬಂದಿದ್ದಾರೆ. ಆದ್ದರಿಂದ ಹೋದ ದಿನ ಜಾರಿಯಲ್ಲಿದೆಯೇ ಎಂದು ಮೊದಲು ಕೇಳಿ, ಆಮೇಲೆ ಸಾಲಿನಲ್ಲಿ ನಿಲ್ಲಿ. ದೊಡ್ಡ ಯೋಜನೆಗೆ ಕಾಗದ ಸರಿಯಿದ್ದರೆ ಅದನ್ನೇ ಹಿಡಿಯಿರಿ.

ಹತ್ತಕ್ಕಿಂತ ಕಡಿಮೆ ಜನರಿರುವ ಕಾರ್ಖಾನೆಗೆ ಸಾಮಾನ್ಯವಾಗಿ ಇಎಸ್‌ಐ ಇಲ್ಲ, ಇಪ್ಪತ್ತಕ್ಕಿಂತ ಕಡಿಮೆಯಿದ್ದರೆ ಪಿಎಫ್ ಇಲ್ಲ. ಸಣ್ಣ ಗಾಣ, ಎಣ್ಣೆ ಗಿರಣಿಗಳಲ್ಲಿ ದುಡಿದವರು ಈ ಲೇಖನದ ಅರ್ಧವನ್ನು ಬಿಟ್ಟೇ ಓದಬೇಕು. ಸಂಬಳದ ಬಾಕಿಗೆ ಕಾರ್ಮಿಕ ಅಧಿಕಾರಿಯ ದಾರಿ ಅವರಿಗೂ ತೆರೆದಿದೆ. ಹತ್ತು ಜನ ಇದ್ದೂ ಎಂಟು ಹೆಸರು ತೋರಿಸಿದ್ದರೆ ಆ ದೂರನ್ನೂ ಇಎಸ್‌ಐ ಕಚೇರಿಗೆ ಕೊಡಬಹುದು.

ಗ್ರಾಚ್ಯುಟಿ ಸುಲಭದ ಲೆಕ್ಕ. ಕೊನೆಯ ವೇತನವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿ, ವರ್ಷಗಳಿಂದ ಗುಣಿಸಿ. 13,000ಕ್ಕೆ ವರ್ಷವೊಂದಕ್ಕೆ 7,500, 18 ವರ್ಷಕ್ಕೆ 1,35,000. ಆರು ತಿಂಗಳು ಮೀರಿದ ತುಂಡನ್ನು ಪೂರ್ತಿ ವರ್ಷವೆಂದು ಎಣಿಸಬೇಕು. ಕಾಯಂ ಕೆಲಸಗಾರನಿಗೆ ಐದು ವರ್ಷ ಸೇವೆ ಇರಬೇಕು, ಹೊಸ ಸಂಹಿತೆಯಲ್ಲಿ ನಿಗದಿತ ಅವಧಿಯ ಕೆಲಸಗಾರನಿಗೆ ಒಂದೇ ವರ್ಷ ಸಾಕು. ಸಂಬಳದ ಚೀಟಿಯಲ್ಲಿ ಮೂಲ ವೇತನ ಚಿಕ್ಕದು ಮಾಡಿ ಭತ್ಯೆಗಳನ್ನು ಉಬ್ಬಿಸುವ ಆಟ ನಮ್ಮಲ್ಲೂ ನಡೆಯುತ್ತಿತ್ತು, ಆ ಕಾಲಮ್ಮುಗಳನ್ನು ಹಾಕಿದವನೂ ನಾನೇ. ಈಗ ಭತ್ಯೆಗಳು ಒಟ್ಟು ಸಂಬಳದ ಅರ್ಧವನ್ನು ಮೀರಿದರೆ ಮೀರಿದ ಭಾಗ ವೇತನಕ್ಕೇ ಸೇರುತ್ತದೆ. ಕರ್ನಾಟಕದಲ್ಲಿ 2024ರ ಜನವರಿ 10ರಿಂದ ಮಾಲೀಕರು ಗ್ರಾಚ್ಯುಟಿಗೆ ವಿಮೆ ಮಾಡಿಸುವುದು ಕಡ್ಡಾಯವಾಗಿದೆ. "ಕೈಯಲ್ಲಿ ಕಾಸಿಲ್ಲ" ಎಂದರೆ ವಿಮೆ ಎಲ್ಲಿ ಮಾಡಿಸಿದ್ದೀರಿ ಎಂದು ಕೇಳಿ.

ಪಿಎಫ್ ವಿಷಯದಲ್ಲಿ ಜನ ತಪ್ಪುವುದು ಅವಸರದಿಂದ. ಮೊದಲು ಕೆಲಸ ಬಿಟ್ಟ ದಿನಾಂಕ ದಾಖಲಾಗಿದೆಯೇ ನೋಡಿ. ಮಾಲೀಕ ಹಾಕದಿದ್ದರೆ, ಕೊನೆಯ ವಂತಿಗೆ ಬಂದು ಎರಡು ತಿಂಗಳಾದ ಮೇಲೆ ಯುಎಎನ್ ಪುಟದಲ್ಲಿ ನೀವೇ ಆಧಾರ್ ಮೊಬೈಲಿನ ಒಟಿಪಿ ಬಳಸಿ ಹಾಕಬಹುದು. ಹೆಸರಿನ ಕಾಗುಣಿತ ಆಧಾರಿನಲ್ಲಿ ಒಂದು, ಪಿಎಫ್‌ನಲ್ಲಿ ಒಂದು ಇದ್ದರೆ ಗಿರಣಿಯಲ್ಲಿ ಯಾರಾದರೂ ಸಹಿ ಹಾಕುವವರು ಉಳಿದಿರುವಾಗಲೇ ಸರಿಮಾಡಿಸಿ. ನಮ್ಮ ಊರಿನ ಹಾಲೇಶಪ್ಪಂದಿರು, ಬಸಪ್ಪಂದಿರ ಪೈಕಿ ಇಂಗ್ಲಿಷಿನಲ್ಲಿ ಎರಡು ಕಡೆ ಒಂದೇ ರೀತಿ ಹೆಸರಿರುವವರು ಅಪರೂಪ. ಹಿಂದೆ ಕೆಲಸ ಹೋಗಿ ಒಂದು ತಿಂಗಳಿಗೆ ಮುಕ್ಕಾಲು ಭಾಗ, ಎರಡು ತಿಂಗಳಿಗೆ ಪೂರ್ತಿ ತೆಗೆಯಬಹುದಿತ್ತು. 2025ರ ಅಕ್ಟೋಬರ್ 13ರ ಸಭೆಯಲ್ಲಿ ನಿಧಿಯ ಮಂಡಳಿ, ಮುಕ್ಕಾಲು ಭಾಗ ಕೂಡಲೇ, ಉಳಿದ ಕಾಲು ಭಾಗ ಹನ್ನೆರಡು ತಿಂಗಳ ನಂತರ, ಪಿಂಚಣಿಯ ಹಣ 36 ತಿಂಗಳ ನಂತರ ಎಂದು ತೀರ್ಮಾನಿಸಿತು. ಐದು ವರ್ಷಕ್ಕಿಂತ ಕಡಿಮೆ ಸೇವೆಯಲ್ಲಿ ಪಿಎಫ್ ತೆಗೆದರೆ ತೆರಿಗೆ ಬೀಳುತ್ತದೆ. ಮಾಲೀಕನ ವ್ಯವಹಾರವೇ ನಿಂತು ಕೆಲಸ ಹೋಗಿದ್ದರೆ ಬೀಳುವುದಿಲ್ಲ. ಇಲ್ಲೂ ಅದೇ ಪ್ರಶ್ನೆ, ಹೊರಗೆ ಬಂದದ್ದು ಹೇಗೆ?

ಪಿಎಫ್ ಜೊತೆಗಿರುವ ಪಿಂಚಣಿಯ ಪಾಲನ್ನು ಮುಟ್ಟಬೇಡಿ. ಹತ್ತು ವರ್ಷದ ಸೇವೆಗೆ 58ರಲ್ಲಿ ಪಿಂಚಣಿ ಖಚಿತ, ಒಂಬತ್ತೂವರೆ ವರ್ಷವಾಗಿದ್ದರೂ ಹತ್ತೆಂದೇ ಎಣಿಸುತ್ತಾರೆ. ಅದಕ್ಕೂ ಕಡಿಮೆಯಿದ್ದರೆ ಹಣ ತೆಗೆಯುವ ಬದಲು ಸೇವೆಯನ್ನು ಮುಂದಿನ ಕೆಲಸಕ್ಕೆ ಜೋಡಿಸುವ ಸ್ಕೀಮ್ ಸರ್ಟಿಫಿಕೇಟ್ ಪಡೆಯಿರಿ. ಲೆಕ್ಕ ಹೀಗೆ: ಸರಾಸರಿ ವೇತನ, ಹೆಚ್ಚೆಂದರೆ 15,000, ಅದನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಆ ಅಕ್ಕನಿಗೆ ಸುಮಾರು 3,340. ಗಿರಣಿ ನಿಂತಾಗ ಅವರಿಗೆ 51. ಐವತ್ತು ದಾಟಿದವರು ಬೇಗನೆ ಪಿಂಚಣಿ ಕೇಳಬಹುದು, ಆದರೆ 58ಕ್ಕೆ ಎಷ್ಟು ವರ್ಷ ಕಡಿಮೆಯೋ ಅಷ್ಟಕ್ಕೂ ವರ್ಷಕ್ಕೆ ಶೇ 4ರಂತೆ ಕಡಿತ. ಏಳು ವರ್ಷ ಮೊದಲು ತೆಗೆದುಕೊಂಡಿದ್ದರೆ ಕಾಲು ಭಾಗದಷ್ಟು ಸಾಯುವ ತನಕ ಹೋಗುತ್ತಿತ್ತು. ತಿಂಗಳಿಗೆ ಎರಡೂವರೆ ಸಾವಿರವಾದರೂ ಬರಲಿ ಎಂದು ಅವರ ಅಳಿಯ ಹೇಳಿದ್ದುಂಟು. ಭತ್ಯೆ ಬರುತ್ತಿದ್ದುದರಿಂದ ಕಾಯುವುದು ಸಾಧ್ಯವಾಯಿತು.

ಮಿಕ್ಕ ಯೋಜನೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಯುವನಿಧಿ ನಿಮಗಲ್ಲ, ಅದು ಹೊಸದಾಗಿ ಪದವಿ, ಡಿಪ್ಲೊಮಾ ಮುಗಿಸಿದ ಹುಡುಗರಿಗೆ. ಇ-ಶ್ರಮ್ ಎಂಬ ಅಸಂಘಟಿತ ಕಾರ್ಮಿಕರ ನೋಂದಣಿ ಪಿಎಫ್, ಇಎಸ್‌ಐ ಸದಸ್ಯರಿಗಲ್ಲ, ಕೆಲಸ ಹೋಗಿ ಅಸಂಘಟಿತ ಕೂಲಿಗೆ ಇಳಿದ ಮೇಲೆ ಮಾಡಿಸಬಹುದು. ಹೊಲಿಗೆ ಗೊತ್ತಿರುವವರಿಗೆ ಪಿಎಂ ವಿಶ್ವಕರ್ಮ ಉಪಯುಕ್ತ: ತರಬೇತಿಯ ದಿನಕ್ಕೆ 500, ಸಲಕರಣೆಗೆ 15,000, ಶೇ 5ರ ಬಡ್ಡಿಗೆ ಮೊದಲು ಒಂದು ಲಕ್ಷ, ತೀರಿಸಿದ ಮೇಲೆ ಎರಡು ಲಕ್ಷ ಸಾಲ. ಲೇತ್, ಫಿಟ್ಟಿಂಗ್ ಬಲ್ಲವರು ಆ ಹದಿನೆಂಟು ಕಸುಬುಗಳ ಪಟ್ಟಿಯಲ್ಲಿ ಇಲ್ಲ. ಅವರು ಸರ್ಕಾರಿ ಉಪಕರಣಾಗಾರದ ತರಬೇತಿ ವಿಚಾರಿಸಲಿ. ನಲವತ್ತು ದಾಟಿದ, ನೂಲುವ ರಿಂಗ್ ಫ್ರೇಮ್ ಯಂತ್ರದ ಮುಂದೆ ದುಡಿದವನನ್ನು ಕಂಪ್ಯೂಟರ್ ಕೋರ್ಸಿಗೆ ಕೂರಿಸುವ ಸಲಹೆಯನ್ನು ನಾನು ಯಾರಿಗೂ ಕೊಡುವುದಿಲ್ಲ. ನಮ್ಮವರ ಪೈಕಿ ನೆಟ್ಟಗೆ ನಿಂತವರು ಮಂಡಕ್ಕಿ ಭಟ್ಟಿಗೆ, ಬೆಣ್ಣೆ ದೋಸೆ ಹೋಟೆಲಿಗೆ, ಆಟೊಗೆ ಹೋದವರು.

ಆ ಅಕ್ಕ ಈಗಲೂ ವರ್ಷಕ್ಕೊಮ್ಮೆ ನನ್ನ ಮನೆಗೆ ಬರುತ್ತಾರೆ. ಸೀರೆ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಎಲ್ಲ ಕಾಗದ, ಪ್ರತಿಯೊಂದಕ್ಕೂ ಎರಡು ಜೆರಾಕ್ಸ್. ಬರುವ ಶ್ರಾವಣಕ್ಕೆ ಅವರಿಗೆ 58 ತುಂಬುತ್ತದೆ. ಪಿಂಚಣಿಯ ಫಾರಂ 10ಡಿಯನ್ನು ಮೊನ್ನೆ ಕೂತು ತುಂಬಿದೆವು. ಹೆಸರು, ಬ್ಯಾಂಕು, ನಾಮಿನಿ ಎಲ್ಲ ಆಯಿತು. ಪೆನ್ನು ಚಾಚಿದೆ. "ಇಲ್ಲಿಡಿ ಸರ್, ಮನೆಗೆ ಒಯ್ದು ಇನ್ನೊಮ್ಮೆ ಓದಿ ಹಾಕುತ್ತೇನೆ" ಎಂದರು.